ಪತ್ತಾಯದಲ್ಲಿ ಮಲಗಿದ್ದ ಬಾಟಲಿ

ಪ್ರೇಮಾವತಿ ಹುಟ್ಟಿದ ವರ್ಷ ಎಸ್ಟೇಟಿನ ಬಿಳಿ ದೊರೆ ಅವಳ ಅಪ್ಪ ಮಾಯಿಲಪ್ಪನ ಕೈಗೆ ಫ್ರಾನ್ಸಿನ ಕೆಂಪು ವೈನಿನ ಬಾಟಲಿಯೊಂದನ್ನು ಕೊಟ್ಟು, ಮಗಳ ಮದುವೆಯವರೆಗೆ ಬಿರಡೆ ತೆಗೆಯಬೇಡ ಎಂದಿದ್ದ. ಎರಡು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿದ್ದಂತೆ. ಒಂದು ಬಲು ಒಗರು, ಇನ್ನೊಂದು ಮೆದು. ಎರಡೂ ಹೊಂದಿಕೊಳ್ಳಲು ವರ್ಷಗಟ್ಟಲೆ ಬೇಕಂತೆ. ಅರೇಬಿಕಾಕ್ಕೆ ರೋಬಸ್ಟಾ ಬೆರೆಸಿ ಕಾಫಿ ಕುಡಿಯುವ ಮಾಯಿಲಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಟಲಿಯನ್ನು ಪತ್ತಾಯದ, ಅಂದರೆ ಮನೆಯ ಮರದ ಕಣಜದ, ಭತ್ತದೊಳಗೆ ಅಡ್ಡಡ್ಡ ಮಲಗಿಸಿಟ್ಟ. ಹಳೆ ಭತ್ತ ಮುಗಿದಾಗ ಹಸುಗೂಸಿನಂತೆ ಎತ್ತಿ, ಹೊಸದು ಬಂದಾಗ ಮತ್ತೆ ಮಲಗಿಸುತ್ತಿದ್ದ.

ಇದನ್ನು ನೋಡಿ ನಕ್ಕವರಲ್ಲಿ ಮೊದಲಿಗ ಅವನ ಅಣ್ಣ ಸಾಂತಪ್ಪ. ಯುದ್ಧಕ್ಕೆ ಹೋಗಿ ಬಂದವನು, ಊರೂರಿನ ಬ್ರಾಂದಿ ಕುಡಿದವನು, ಬಾಯಿ ಸುಮ್ಮನಿರಬೇಕಲ್ಲ. ದೊರೆ ತನ್ನ ಹಳಸಿದ ಹುಳಿನೀರನ್ನು ಈ ಪೆದ್ದನ ತಲೆಗೆ ಕಟ್ಟಿದ್ದಾನೆ ಎಂದು ತಿತಿಮತಿಯಿಂದ ಕುಶಾಲನಗರದವರೆಗೂ ಸಾರಿಬಿಟ್ಟ. ದೊರೆ ಎಸ್ಟೇಟು ಮಾರಿ ಹಡಗು ಹತ್ತಿದ, ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ ಬಂತು, ಮಾಯಿಲಪ್ಪ ಜ್ವರದಲ್ಲಿ ತೀರಿಕೊಂಡ. ಪೆದ್ದ ಎಂಬ ಹೆಸರು ಮಾತ್ರ ಉಳಿಯಿತು. ಗಂಡ ಹೋದ ದುಃಖವನ್ನು ಬೊಳ್ಳಮ್ಮ ಹೇಗೋ ನುಂಗಿಕೊಂಡಿದ್ದಳು, ಈ ಹೆಸರು ಅವಳ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಪ್ರೇಮಾವತಿಯ ಮದುವೆಯ ಹಿಂದಿನ ಸಂಜೆ ಕಾರಣರಿಗೆ, ಅಂದರೆ ಮನೆಯ ಗತಿಸಿದ ಹಿರಿಯರಿಗೆ, ಎಡೆ ಇಡುವ ಪದ್ಧತಿ. ಈಗ ಮಾಯಿಲಪ್ಪನೂ ಆ ಸಾಲಿನವನೇ. ಬೊಳ್ಳಮ್ಮ ಜಗಲಿಯಲ್ಲಿ ಕೂತು ಬಾಟಲಿಯ ಬಿರಡೆ ತೆಗೆದಳು. ಎಡೆಗೆ ಮೊದಲು ಯಾರೂ ಮುಟ್ಟಬಾರದು, ನಿಜ. ಆದರೆ ಪರೀಕ್ಷೆ ಮಾಡದೆ ಹಿರಿಯರಿಗೆ ಇಡುವುದೇ ಎಂದು ಸಾಂತಪ್ಪ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡ. ಮುಖ ಕಿವುಚಿ ಅಂಗಳಕ್ಕೆ ಉಗಿದ.

"ಬೊಳ್ಳಮ್ಮ, ಇದ್ ಕೆಟ್ಟ್ ಹೋಗುಟು. ಚೆಲ್ಲಿಬುಡು."

ಎಳೆ ಸೀಬೆಕಾಯಿಯ ಒಗರಂತೆ, ಮುಗ್ಗಲು ವಾಸನೆಯಂತೆ, ತಳದಲ್ಲಿ ಕೆಸರು ಬೇರೆಯಂತೆ. ನಾಳೆ ಗಂಡಿನ ಕಡೆಯವರ ಮುಂದೆ ಇದನ್ನೇ ಹೇಳಿ ನಗಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಟಲಿಯನ್ನು ಕೈಬಿಡಲಿಲ್ಲ. ವರ್ಷ ವರ್ಷ ನೆಲ್ಲಿಕಾಯಿ ವೈನ್ ಇಟ್ಟ ಕೈ ಅದು. ಬಹುಕಾಲ ಮುಚ್ಚಿಟ್ಟ ಭರಣಿ ಬಾಯಿ ತೆರೆದ ಕೂಡಲೇ ಮುನಿಸಿಕೊಂಡಿರುತ್ತದೆ, ಗಾಳಿ ತಾಗಿದ ಮೇಲೆಯೇ ಅದರ ಗುಣ ತಿಳಿಯುವುದು. ಮಡ್ಡಿ ಕೂತಿದ್ದರೆ ಇನ್ನೂ ಒಳ್ಳೆಯದು.

"ಮೊದ್ಲು ಅವು ಕುಡಿಯಲಿ, ಭಾವ" ಎಂದು ಒಳಗೆ ಗಂಡನಿಗಿಟ್ಟ ಎಡೆಯ ಕಡೆ ಕೈ ತೋರಿದಳು.

ವೈನನ್ನು ತೆಳು ಬಟ್ಟೆಯಲ್ಲಿ ಸೋಸಿ ಅಗಲ ಬಾಯಿಯ ಪಿಂಗಾಣಿ ಬೋಗುಣಿಗೆ ಇಳಿಸಿದಳು. ಎಡೆಯಿಟ್ಟ ಕೋಣೆಯಲ್ಲಿ ದೀಪದ ಮುಂದೆ ಗಂಡನ ಲೋಟ ತುಂಬಿ, ಬೋಗುಣಿಯನ್ನೂ ಅಲ್ಲೇ ಇಟ್ಟು, ಬಾಗಿಲು ಎಳೆದುಕೊಂಡಳು. ಕಾರಣರು ಉಣ್ಣುವಾಗ ಇಣುಕುವಂತಿಲ್ಲ. ಸಾಂತಪ್ಪ ತನ್ನ ಬ್ರಾಂದಿಗೆ ಕೈ ಹಾಕಿದ. ಎಡೆ ಮುಗಿಯದೆ ಅದೂ ಆಗದು ಎಂದು ಪ್ರೇಮಾವತಿ ನೆನಪಿಸಿದಳು. ದೊಡ್ಡಪ್ಪ ಗೊಣಗುತ್ತಾ ಕೂತ. ಅಂಗಳದ ಬೆಳಕು ನಿಧಾನವಾಗಿ ಇಳಿಯಿತು.

ಬಾಗಿಲು ತೆಗೆದಾಗ ಕೋಳಿಸಾರಿನ ಘಮವನ್ನು ಸರಿಸಿಕೊಂಡು ಇನ್ನೊಂದು ಪರಿಮಳ ಎದುರಿಗೆ ಬಂತು. ಕಳಿತ ಕಾಡುನೇರಳೆ, ಒಣಗಿದ ಹೊಗೆಸೊಪ್ಪು. ಕಾರಣರ ಲೋಟ ಮನೆಯ ಹಿರಿಯನಿಗೆ ಸಲ್ಲಬೇಕು. ಬೊಳ್ಳಮ್ಮ ಅದನ್ನು ಸಾಂತಪ್ಪನ ಕೈಗೇ ಕೊಟ್ಟು, ಬೋಗುಣಿಯಿಂದ ತನಗೂ ಮಗಳಿಗೂ ಬಗ್ಗಿಸಿಕೊಂಡಳು.

ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿದಳು. ಒಗರು ಇತ್ತು, ಆದರೆ ಈಗ ಕಚ್ಚುತ್ತಿರಲಿಲ್ಲ. ಅದರ ಮೇಲೆ ಹಣ್ಣಿನ ಮೆದುತನ ಹಾಸಿಕೊಂಡಿತ್ತು. ಯಾವುದು ಯಾವ ದ್ರಾಕ್ಷಿಯದೆಂದು ಬೇರ್ಪಡಿಸಲಾಗದು. ನುಂಗಿದ ಮೇಲೂ ರುಚಿ ಹೋಗದೆ ಬಾಯಲ್ಲೇ ಕೂತಿತು. ನೀವು ಕಾದದ್ದು ಸರಿ ಎಂದು ಗಂಡನಿಗೆ ಮನಸ್ಸಿನಲ್ಲೇ ಹೇಳಿದಳು. ಅವಳಿಗೆ ಹೆಮ್ಮೆಯಾಯಿತು.

ಸಾಂತಪ್ಪ ಎರಡನೆಯ ಗುಟುಕು ತೆಗೆದುಕೊಂಡ, ಮೂರನೆಯದನ್ನೂ. ಬ್ರಾಂದಿ ಬಾಟಲಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ನನ್ನ ತಮ್ಮ ಪೆದ್ದ ಅಲ್ಲ" ಎಂದ, ನೆಲ ನೋಡುತ್ತಾ.

"ನಂಗೆ ಹೇಳಕ್ಕೆ ಬೇಡ, ಭಾವ. ಒಳಗೆ ಹೋಗಿ ಅವ್ಕೆ ಹೇಳಿ."

ಸಾಂತಪ್ಪ ಎದ್ದು ದೀಪದ ಕೋಣೆಗೆ ಹೋದ. "ಮಾಯಿಲ" ಎಂದು ತಮ್ಮನನ್ನು ಕರೆದದ್ದು ಹೊರಗೆ ಕೇಳಿಸಿತು. ಅವನ ಮಾತು ಮುಗಿಯುವವರೆಗೆ ಬೊಳ್ಳಮ್ಮ ತನ್ನ ಲೋಟ ಮುಟ್ಟಲಿಲ್ಲ.