ಉಪ್ಪು ನೋಡದ ಬಂಗಾರಿ

ಮೀನು ಬೇಯಿಸುವವಳು ಉಪ್ಪು ನೋಡುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಮುರ್ಡೇಶ್ವರದ ಸ್ಟೇಷನ್ ರಸ್ತೆಯ ತಗಡಿನ ಚಪ್ಪರದಡಿ ಅಡುಗೆ ಮಾಡುತ್ತಿದ್ದ ಬಂಗಾರಿ ಒಮ್ಮೆಯೂ ಸೌಟನ್ನು ಅಂಗೈಗೆ ತಟ್ಟಿ ರುಚಿ ನೋಡಿದವಳಲ್ಲ. ಎಡಗಾಲನ್ನು ತುಸು ಎಳೆದು ನಡೆಯುತ್ತ, ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ಈರುಳ್ಳಿ, ಟೊಮೆಟೊ, ಹೀರೇಕಾಯಿಗಳನ್ನು ಬಾಣಲೆಯಲ್ಲಿ ಬಾಡಿಸಿ, ಬೇಯಿಸಿ ಮುಳ್ಳು ಬಿಡಿಸಿದ ತಾರ್ಲೆ ಮೀನನ್ನು ಹರಡಿ, ಮೇಲೆ ಎರಡು ಮೊಟ್ಟೆ ಒಡೆದು ಮುಚ್ಚಿಬಿಟ್ಟರೆ ಹತ್ತು ನಿಮಿಷದಲ್ಲಿ ಬಡವರ ಮೃಷ್ಟಾನ್ನ ಸಿದ್ಧ. ಆಮೇಲೆ ಮೊದಲ ತುತ್ತು ಉಂಡವನ ಮುಖವನ್ನೇ ನೋಡುತ್ತ, "ಉಪ್ಪು ಸಾಕಾ ಮಾಸ್ತರ್ರೆ?" ಎನ್ನುವಳು. ಅಲ್ಲಿನ ಶಾಲೆಯಲ್ಲಿದ್ದ ನಾನು ಎಷ್ಟೋ ಸಲ ಆ ಮೊದಲ ತುತ್ತಿನವನಾಗಿದ್ದೆ.

ಕಾರಣ ಒಂದು ಹರಕೆ. ಅವಳ ಗಂಡ ಜಟ್ಟಿ ತೊಂಬತ್ತೈದರಲ್ಲಿ ಹೊನ್ನಾವರದಿಂದ ರತ್ನಾಗಿರಿಯ ಬೋಟಿನ ಕೆಲಸಕ್ಕೆ ಹೋದವನು ಮರಳಲಿಲ್ಲ. ಮುಳುಗಿರಬೇಕೆಂದು ನೆಂಟರು ಉತ್ತರಕ್ರಿಯೆಗೆ ಅಣಿಯಾದಾಗ ಈಕೆ ಕರಿಮಣಿ ತೆಗೆಯಲೊಪ್ಪದೆ, ಅವನ ಜೀವಂತ ಮುಖ ಕಾಣುವವರೆಗೆ ಮೀನು, ಮೊಟ್ಟೆ ಬಾಯಿಗಿಡುವುದಿಲ್ಲವೆಂದು ಊರದೇವರಿಗೆ ಹೇಳಿಕೊಂಡಳಂತೆ. ಚಪ್ಪರದ ಕಂಬಕ್ಕೆ ತೂಗುಹಾಕಿದ್ದ ಅವನ ಫೋಟೋಕ್ಕೆ ಯಾರಿಗೂ ಹಾರ ಹಾಕಗೊಡಳು. ಮೀನಿಲ್ಲದೆ ಗಂಜಿ ಇಳಿಯದ ಕರಾವಳಿಯಲ್ಲಿ ಒಂಬತ್ತು ವರ್ಷ!

ಎರಡು ಸಾವಿರದ ನಾಲ್ಕರ ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ, ದೇವಸ್ಥಾನ ನೋಡಿ ಬಂದ ಗಂಡ, ಹೆಂಡತಿ, ಐದಾರು ವರ್ಷದ ಮಗಳು ಚಪ್ಪರದೊಳಗೆ ಬಂದರು. ಗಂಡನ ಮುಖ ನೋಡಿ ನಾನು ದಂಗಾದೆ. ಫೋಟೋದ ಜಟ್ಟಿಯೇ, ತಲೆ ಮಾತ್ರ ನರೆತಿತ್ತು. ಬಂಗಾರಿಯನ್ನು ಕಂಡವನೇ ಹೊರಡಲು ತಿರುಗಿದ. ಆದರೆ ಮಗು ಆಗಲೇ ಬೆಂಚಿನ ಮೇಲೆ ಕೂತು ಹಸಿವೆಂದು ರಾಗ ತೆಗೆದಿತ್ತು.

"ಕೂತ್ಕಳಿ, ಹತ್ತು ನಿಮಿಷಕ್ಕೆ ಆತದೆ," ಎಂದಳು ಬಂಗಾರಿ, ಯಾವ ಗಿರಾಕಿಗಾದರೂ ಹೇಳುವ ದನಿಯಲ್ಲಿ. ಬಡಿಸಿದಳು, ಮಗುವಿನ ತಟ್ಟೆಯಲ್ಲಿ ಉಳಿದ ಮುಳ್ಳನ್ನು ತಾನೇ ಆರಿಸಿ ತೆಗೆದಳು. ಅವನು ತಲೆ ಎತ್ತದೆ ಉಂಡು ಹೋದ. ಅವಳು ಬಾಣಲೆಯ ತಳದಲ್ಲಿ ಉಳಿದದ್ದನ್ನು ತಟ್ಟೆಗೆ ಬಳಿದುಕೊಂಡು, ನನ್ನೆದುರೇ ಕೂತು ತಿನ್ನತೊಡಗಿದಳು.

"ಎಂತದು ಬಂಗಾರಿ ಇದು?" ಎಂದೆ.

"ಜೀವಂತ ಕಾಣ್ಸು ಅಂತ ದೇವ್ರ ಹತ್ರ ಕೇಳಿದ್ದೆ ಮಾಸ್ತರ್ರೆ. ಕಾಣ್ಸ್ದ. ನನ್ನ ಹತ್ರವೇ ಇರ್ಲಿ ಅಂತ ಕೇಳ್ಲೇ ಇಲ್ಲ."

ಅಳಲಿ, ಬೈಯಲಿ, ಬಾಣಲೆಯನ್ನಾದರೂ ಎತ್ತಿ ಎಸೆಯಲಿ ಎಂದು ನಾನು ಕಾದೆ. ಅವಳು ತಟ್ಟೆ ತೊಳೆದು ಮುಂದಿನ ಗಿರಾಕಿಗೆ ಈರುಳ್ಳಿ ಹೆಚ್ಚಲು ಕೂತಳು. ದೇವರಿಗೆ ಕೊಟ್ಟ ಮಾತನ್ನು ಅಕ್ಷರಶಃ ನಡೆಸುವ ಇಂಥ ಜೀವಗಳು, ಬೇಡಿದ್ದು ಬೇಡಿದ ರೂಪದಲ್ಲೇ ಬಂದು ಎದೆ ಬಗೆದರೂ ಆ ದೇವರನ್ನು ದೂರುವುದಿಲ್ಲ. ದೂರುವವರು, ನೋಡುತ್ತ ಕೂತ ನಾವು.