ಏರಿಗೆ ತಕ್ಕ ಸೈಲೆನ್ಸರ್

ನನ್ನ ಗಂಡ ನುಲ್ಫೊನ ಬೈಕು ಗುಡ್ಡದ ಬುಡ ಮುಟ್ಟುವ ಮೊದಲೇ ಅದರ ಸದ್ದು ನಮ್ಮ ಅಡುಗೆಮನೆ ಮುಟ್ಟುತ್ತಿತ್ತು. ಅಗಲ ಬಾಯಿಯ ಗಿಡ್ಡ ಸೈಲೆನ್ಸರ್ ಅದರದು. ಫಿಲಿಪ್ಪೀನ್ಸಿನ ಸೆಬು ದ್ವೀಪದ ಈ ಗುಡ್ಡಗಳಿಗೆ ಬಸ್ಸು ಹತ್ತುವುದಿಲ್ಲ. ಬೈಕಿನ ಮೇಲೆ ಮೂರು ಜನ, ಜೊತೆಗೆ ಎಲೆಕೋಸಿನ ಮೂಟೆ, ಹೀಗೆ ಬಾಡಿಗೆಗೆ ಹತ್ತಿಸುವುದೇ ಅವನ ದುಡಿಮೆ. ಅಷ್ಟು ಭಾರ ಹೊರುವವನಿಗೆ ಈ ಶೋಕಿ ಯಾಕೆ ಎಂದು ನಾನು ಗೊಣಗದ ದಿನವಿಲ್ಲ. ಅವನು ನಕ್ಕುಬಿಡುತ್ತಿದ್ದ.

ಕಳೆದ ವಾರ ಕಡಿದಾದ ತಿರುವಿನಲ್ಲಿ ಎಂಜಿನ್ ಏದುಸಿರು ಬಿಟ್ಟು ನಿಂತೇಬಿಟ್ಟಿತು. ಬೈಕು ಜನರ ಸಮೇತ ಹಿಂದಕ್ಕೆ ಜಾರಿತು. ಪುಣ್ಯಕ್ಕೆ ಗುಡ್ಡದ ಕಡೆಗೆ ಬಿದ್ದರು. ಅವನ ತರಚಿದ ಮೊಣಕೈಗೆ ನಾನೇ ಔಷಧ ಹಚ್ಚಿದೆ. ನನ್ನ ತಮ್ಮ ಬೈಕಿನೊಂದಿಗೆ ಕಣಿವೆಗೆ ಬಿದ್ದು ತೀರಿಕೊಂಡದ್ದೂ ಅದೇ ತಿರುವಿನಲ್ಲಿ.

ಮರುದಿನವೇ ಅವನನ್ನು ತೆಬಾನನ ಗ್ಯಾರೇಜಿಗೆ ಎಳೆದುಕೊಂಡು ಹೋದೆ. ಹಿಂದೆ ಚೈನು ಸುತ್ತುವ ಹಲ್ಲುಚಕ್ರ ಬದಲಿಸಿದರೆ ಸಾಲದೇ ಎಂದು ನುಲ್ಫೊ ಕೇಳಿದ. ಇರುವುದರಲ್ಲಿ ದೊಡ್ಡದನ್ನೇ ಆಗಲೇ ಹಾಕಿದ್ದೇನೆ ಎಂದ ತೆಬಾನ್, ಗೋಡೆಗೆ ನೇತುಹಾಕಿದ್ದ ಉದ್ದನೆಯ ಸಪೂರ ಸೈಲೆನ್ಸರ್ ಪೈಪನ್ನು ಇಳಿಸಿದ.

"ಅಗಲ ಪೈಪು ಸಮ ರಸ್ತೇಲಿ ಓಡೋಕೆ ಕಣೋ. ಮೊದಲ್ನೇ ಗೇರಲ್ಲಿ ಮೂಟೆ ಎಳೀಬೇಕಂದ್ರೆ ಇದು. ನಿನ್ನ ಪೈಪಿಂದು ಬರೀ ಬಾಯಿ, ರಟ್ಟೇಲಿ ಬಲ ಇಲ್ಲ."

ನುಲ್ಫೊ ಹಳೆಯದನ್ನು ಸವರುತ್ತಾ, ಸದ್ದು ಸ್ವಲ್ಪವಾದರೂ ಉಳಿಸಲಾಗದೇ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಜೀವಕ್ಕಿಂತ ಡೌಲು ಹೆಚ್ಚಾ ನಿಂಗೆ?"

ಅವನು ಹಳೆಯದರ ಮೇಲಿಂದ ಕೈ ತೆಗೆದ. ಹೊಸ ಪೈಪು ಹಾಕಿಸಿ, ತೆಬಾನನನ್ನೂ ಎರಡು ಮೂಟೆಯನ್ನೂ ಹೇರಿಕೊಂಡು ಅದೇ ತಿರುವು ಹತ್ತಿಸಿದ. ಬೈಕು ಎಲ್ಲೂ ತಡವರಿಸಲಿಲ್ಲ. ಗೆದ್ದೆ ಎಂದುಕೊಂಡೆ.

ಅವನು ಬಾಡಿಗೆಗೆ ಹೋದ. ಸಂಜೆ ಜೋಳದ ನುಚ್ಚು ಬೇಯಲಿಟ್ಟು ಒಣಮೀನು ಹುರಿಯತೊಡಗಿದೆ. ಕಿವಿ ಮಾತ್ರ ಗುಡ್ಡದ ಕಡೆಗೇ ಇತ್ತು. ಯಾರ್ಯಾರದೋ ಬೈಕುಗಳು ಬಂದವು. ಕೂತೆ, ಎದ್ದೆ, ಬಾಗಿಲಿಗೆ ಹೋಗಿ ಬಂದೆ. ಹೊಸ ಪೈಪಿಗೆ ಸದ್ದಿಲ್ಲ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ಎದೆ ಕೇಳಲಿಲ್ಲ. ಮೀನು ಸೀದುಹೋಯಿತು. ಒಲೆ ಆರಿಸಿ, ಬರಿಗಾಲಲ್ಲೇ ತಿರುವಿಗೆ ಓಡಿದೆ.

ಅವನು ಮೂವರನ್ನು ಕೂರಿಸಿಕೊಂಡು ಸರಾಗವಾಗಿ ಹತ್ತಿ ಬರುತ್ತಿದ್ದ. ತೀರಾ ಹತ್ತಿರಕ್ಕೆ ಬರುವವರೆಗೂ ನನಗೆ ಕೇಳಿಸಲಿಲ್ಲ. ನನ್ನನ್ನು ನೋಡಿ ಬೈಕು ನಿಲ್ಲಿಸಿ, ಇಳಿದು ಬಂದ.

"ನಿನ್ನ ತಮ್ಮ ಹೋದ್ಮೇಲೆ ನೀನು ದಿನಾ ಸಂಜೆ ಹಿಂಗೇ ಇಲ್ಲಿ ಬಂದು ನಿಲ್ತಿದ್ದೆ. ದೂರದಿಂದ್ಲೇ ಕೇಳಿಸಿದ್ರೆ ಮನೇಲಿ ನೆಮ್ಮದಿಯಾಗಿ ಇರ್ತೀಯ ಅಂತ ಅದನ್ನ ಹಾಕ್ಸಿದ್ದೆ."

ಹಳೆಯದನ್ನೇ ಮತ್ತೆ ಹಾಕಿಸಲೇ ಎಂದು ಕೇಳಿದ.

"ಬೇಡ," ಎಂದೆ. "ನಾನೇ ಬಂದು ನಿಲ್ತೀನಿ."