ಇಂಜಿನ್ನಿನ ಮುಂದೆ ಚಾಂದನಿ

ಚಾಂದನಿಯ ಮುಂಗಾಲು ಮಡಚಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಗೊರಸಿನೊಳಗೆ ಒಣಗಿದ್ದ ಕೆಸರನ್ನು ಕಬ್ಬಿಣದ ಕೊಕ್ಕೆಯಿಂದ ಕೆದಕಿ ತೆಗೆಯುತ್ತಿದ್ದೆ. ಹುಸೇನಬೀ ಆಯಿ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಅವಳ ಮಗ ವಹಾಬಣ್ಣ ಬೀಡಿ ಹಚ್ಚಿ, ಸೇದುವುದನ್ನು ಮರೆತು ಬೆರಳಲ್ಲೇ ಹಿಡಿದಿದ್ದ. ಲಾಯದ ಗೂಟಕ್ಕೆ ಮಾನಪ್ಪನ ಹೊಸ ಹಗ್ಗ ತೂಗುತ್ತಿತ್ತು. ಹಿಂದಿನ ಸಂಜೆ ಅವನೇ ತಂದು ಹಾಕಿ ಹೋಗಿದ್ದ.

ಮಾನಪ್ಪನದು ಶಹಾಪುರ ರಸ್ತೆಯಲ್ಲಿ ಇಟ್ಟಂಗಿ ಭಟ್ಟಿ. ಚಾಂದನಿಯನ್ನು ಇಟ್ಟಂಗಿ ಬಂಡಿಗೆ ಹೂಡುವುದು ಅವನ ವಿಚಾರ. ವಹಾಬಣ್ಣ ಹೂಂ ಅಂದುಬಿಟ್ಟಿದ್ದ. ಆಯಿ ಮಾತ್ರ ಒಂದು ಕರಾರು ಇಟ್ಟಿದ್ದಳು.

"ನಾಳಿ ಮಧ್ಯಾಹ್ನ ಕೆನಾಲ ದಂಡಿಗೆ ಬಾ. ಶಾಂತಪ್ಪನ ಇಂಜಿನ್ ಮುಂದ ಆಕಿ ಕುಣೀಲಾರದ ದಾಟಿದ್ರ ಕುದುರಿ ನಮ್ಮದು. ಕುಣಿದ್ರ ನಿಂದು."

ಚಾಂದನಿ ಮದುವೆಯ ಕುದುರೆ. ಹಲಗಿ ಬಡಿದರೆ ನಿಂತಲ್ಲೇ ಒಂದೊಂದೇ ಕಾಲೆತ್ತಿ ಕುಣಿಯುವ ಬಿಳಿ ಕುದುರೆ. ವಡಗೇರಾದಿಂದ ಕಕ್ಕೇರಾದವರೆಗೆ ಎಷ್ಟೋ ಮದುಮಕ್ಕಳು ಅವಳ ಬೆನ್ನ ಮೇಲೆ ಕೂತು ಮೆರೆದಿದ್ದರು. ಅವಳಿಗೆ ಕುಣಿತ ಕಲಿಸಿದವನು ಆಯಿಯ ಗಂಡ ಅಲ್ಲಾಬಕ್ಷ ಎಂದು ಜನ ಹೇಳುತ್ತಿದ್ದರು. ಅವನು ಲಗಾಮು ಹಿಡಿದು ಮುಂದೆ ನಿಲ್ಲುತ್ತಿದ್ದದ್ದು ನಿಜ. ಆದರೆ ಹರೆಯದ ಕುದುರೆಯಾಗಿದ್ದಾಗ ಅವಳ ಮೇಲೆ ಕೂತು ಕಲಿಸಿದವಳು ಆಯಿ. ಅಂಗಳದ ಗೋಡೆ ಎತ್ತರವಿದ್ದದ್ದರಿಂದ ಅದನ್ನು ಯಾರೂ ನೋಡಿರಲಿಲ್ಲ. ಈಗ ಅಲ್ಲಾಬಕ್ಷ ಇಲ್ಲ. ಆಯಿಯ ಮೊಣಕಾಲು ಮಡಚುವುದಿಲ್ಲ.

ಕೆನಾಲು ಬಂದ ಮೇಲೆ ನಮ್ಮ ಕಡೆಯ ಜೋಳದ ಹೊಲಗಳು ನೆಲ್ಲಿನ ಗದ್ದೆಗಳಾದವು. ದಂಡೆಯ ಮೇಲೆ ಅಲ್ಲಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ನುಗಳು ಕೂತವು. ಬೇಸಿಗೆಯಲ್ಲಿ ಹುಣಸಗಿ ಕಡೆಗೆ ಹೊರಟ ಒಂದು ದಿಬ್ಬಣ ಶಾಂತಪ್ಪನ ಇಂಜಿನ್ ಹತ್ತಿರ ಬಂದಾಗ ಹಲಗಿಯವರು ಚಹಾಕ್ಕೆಂದು ಹಿಂದೆ ಉಳಿದಿದ್ದರು. ಇಂಜಿನ್ ಧಡ್ ಧಡ್ ಎನ್ನುತ್ತಿತ್ತು. ಚಾಂದನಿ ಕುಣಿಯತೊಡಗಿದಳು. ಮದುಮಗ ಬಾಸಿಂಗದ ಸಮೇತ ಗದ್ದೆಯ ಕೆಸರಿಗೆ ಬಿದ್ದ. ಅಲ್ಲಿಂದ ಅವಳಿಗೆ 'ಕೆಸರು ಕುದುರಿ' ಎಂದು ಹೆಸರಾಯಿತು. ಯಾರೂ ಮದುವೆಗೆ ಕರೆಯಲು ಬರಲಿಲ್ಲ. ಇಂಜಿನ್ ಸದ್ದು ಅವಳಿಗೆ ಹಲಗಿಯ ಹಾಗೆ ಕೇಳುತ್ತದೆ, ಈ ದಂಡೆಯ ತುಂಬ ಇಂಜಿನ್ನೇ ಇರುವಾಗ ಈ ಕುದುರೆಯಿಂದ ಉಪಯೋಗವಿಲ್ಲ ಎಂದು ಎಲ್ಲರೂ ಅಂದರು. ವಹಾಬಣ್ಣ ತಾನೇ ಹತ್ತಿ ಮತ್ತೆ ಮತ್ತೆ ಇಂಜಿನ್ ಮುಂದೆ ಒಯ್ದ. ಅವನು ಲಗಾಮು ಬಿಗಿದಷ್ಟೂ ಅವಳು ಹೆಚ್ಚು ಕುಣಿದಳು. ಬಾಯಿಯ ಮೂಲೆ ಕೆಂಪಾಯಿತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನವ್ವ ದೇವಕಮ್ಮ, ಹೊರಗಿನಿಂದ ಬಂದು ನೆಲ್ಲು ಬೆಳೆಯುವ ಕ್ಯಾಂಪಿನವರ ಗದ್ದೆಗೆ ನಾಟಿ ಹಚ್ಚಲು ಹೋಗುತ್ತಾಳೆ. ನಾನು ಆಯಿಯ ಮನೆಯಲ್ಲಿ ಲಾಯ ಬಳಿದು, ಚಾಂದನಿಗೆ ಮೇವು ನೀರು ನೋಡಿಕೊಳ್ಳುತ್ತೇನೆ. ನೀರಿಗೆ ಒಯ್ಯುವಾಗ ಬರಿಬೆನ್ನಿನ ಮೇಲೆ ಕೂತು ಹೋಗುತ್ತೇನೆ. ನಾನು ಮಾತಾಡುವುದು ಕಡಿಮೆ. ಓಣಿಯಲ್ಲಿ ಕೆಲವರು ನನಗೆ ಮಾತೇ ಬರುವುದಿಲ್ಲ ಎಂದು ತಿಳಿದಿದ್ದಾರೆ.

ಚಾಂದನಿ ದಂಡೆಯ ಮೇಲೆ ಬಿಟ್ಟಾಗ ಮೇಯುವುದನ್ನು ನಾನು ದಿನವೂ ನೋಡುತ್ತಿದ್ದೆ. ಶಾಂತಪ್ಪನ ಇಂಜಿನ್ನಿನ ಮಗ್ಗುಲಿಗೇ ಒಳ್ಳೆಯ ಹುಲ್ಲು ಇತ್ತು. ಇಂಜಿನ್ ಹೊಡೆದುಕೊಳ್ಳುತ್ತಿದ್ದರೂ ಅವಳು ಕಿವಿ ಸಹ ಅಲ್ಲಾಡಿಸದೆ ಅಲ್ಲಿ ಮೇಯುತ್ತಿದ್ದಳು. ಅದನ್ನು ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡು ಸುಮ್ಮನಾಗಿದ್ದೆ. ಮಾನಪ್ಪ ಹಗ್ಗ ಹಾಕಿ ಹೋದ ಸಂಜೆ ಬಾಯಿ ಬಿಟ್ಟೆ.

"ಆಯಿ, ಆಕಿ ಇಂಜಿನ್ನಿಗೆ ಕುಣಿಯಂಗಿಲ್ಲ."

"ಮತ್ತ ಯಾರಿಗೆ ಕುಣಿತಾಳ?"

"ಮ್ಯಾಲ ಕುಂತವ್ರಿಗೆ."

ಆಯಿ ತನ್ನ ಹಣೆಗೆ ತಾನೇ ಮೆಲ್ಲಗೆ ಬಡಿದುಕೊಂಡಳು.

"ಲಗಾಮು ಒಂದೀಟು ಜಗ್ಗು, ಮೊಣಕಾಲು ಒತ್ತು, ಉಸಿರು ಹಿಡಿ. ಹಿಂಗ ಮಾಡಿದ್ರ ಕುಣೀಬೇಕು ಅಂತ ನಾನೇ ಕಲಿಸೀನಿ ಬೇಟಿ ಆಕಿಗೆ. ಅಂಜಿದಾವ ಮಾಡೂದೂ ಅದನ್ನ. ಆ ಮದುಮಗ ಅಂಜಿದ. ಈ ವಹಾಬ ಅಂಜಿದ. ಕುಣಿ ಅಂತ ಹೇಳೂದು, ಕುಣಿದ್ರ ಬೈಯೂದು. ಪಾಪ, ಆಕಿ ಏನ ಮಾಡ್ಯಾಳು?"

ವಹಾಬಣ್ಣ, "ಹಂಗಾರ ಅಂಜಲಾರದವರನ್ನ ಎಲ್ಲಿಂದ ತರೂದು?" ಅಂದ.

"ಅಂಜಿದ್ರೂ ಕೈ ಸಡಿಲ ಬಿಡಾವ್ರು ಸಾಕು," ಎಂದು ಆಯಿ ನನ್ನ ಕಡೆ ಗದ್ದ ಎತ್ತಿದಳು.

ಹೀಗೆ ಆ ಮುಂಜಾನೆ ಗೊರಸು ಹಸನಾದ ಮೇಲೆ, ವಹಾಬಣ್ಣನ ಹಳೆಯ ಪೈಜಾಮ ತೊಟ್ಟು ನಾನು ಜೀನಿನ ಮೇಲೆ ಕೂತು, ರಿಕಾಬಿನ ಕಬ್ಬಿಣದ ಬಳೆಯೊಳಗೆ ಪಾದ ತೂರಿಸಿದೆ. ಆಯಿ ಕೋಲೂರಿಕೊಂಡು ಕೆನಾಲ ದಂಡೆಗೆ ಬಂದಳು. ಇಂಜಿನ್ ದೂರದಲ್ಲಿ ಕಂಡ ಕೂಡಲೆ ನಾನು ಜೀನಿನ ಮೇಲೆ ಬಿಗಿಯಾಗಿ ಕೂತೆ. ಚಾಂದನಿ ಕಾಲೆತ್ತತೊಡಗಿದಳು.

"ಯಾರು ಹೇಳಿದ್ರು ಆಕಿಗೆ?" ಆಯಿ ಕೇಳಿದಳು.

"ನಾ ಹೇಳಿಲ್ಲಾಯಿ."

"ನಿನ್ನ ಮೊಣಕಾಲು ಹೇಳ್ತು. ರಿಕಾಬಿನಿಂದ ಪಾದ ತೆಗಿ. ಒದ್ದಿ ಸೀರಿ ಹಗ್ಗಕ್ಕ ಹಾಕಿದ್ರ ಹೆಂಗ ಜೋತು ಬೀಳ್ತದ? ಹಂಗ ಬಿಡು ಕಾಲು."

ಬಿಟ್ಟೆ. ಕಾಲು ಭಾರವಾಗಿ ಕೆಳಗಿಳಿದವು. ಚಾಂದನಿ ಒಂದು ಸಲ ಮೂಗು ಊದಿ ನಡೆಯತೊಡಗಿದಳು.

"ಈಗ ಕೈ. ರೊಟ್ಟಿ ಬಡಿಯಾಕ ಬರ್ತದಿಲ್ಲ ನಿನಗ?"

"ಬರ್ತದ."

"ಹಿಟ್ಟಿನ ಮ್ಯಾಲ ಜೋರು ಹಾಕಿದ್ರ ಏನಾಗ್ತದ?"

"ಅಂಚು ಒಡೀತದ."

"ಆಕಿ ಬಾಯಿನೂ ಹಂಗ. ಕೈ ಮುಟ್ಟಿರಬೇಕು, ಒತ್ತಿರಬಾರದು."

ನಾನು ಬೆರಳು ಸಡಿಲಿಸಿದೆ. ಲಗಾಮಿನ ಆ ತುದಿಯಲ್ಲಿ ಅವಳ ನಾಲಿಗೆ ಮೆಲ್ಲಗೆ ಆಡುವುದು ನನ್ನ ಉಂಗುರ ಬೆರಳಿಗೆ ತಿಳಿಯಿತು. ಇಷ್ಟು ದಿನ ಅವಳ ಮೇಲೆ ಕೂತರೂ ಅದು ನನಗೆ ಗೊತ್ತಾಗಿರಲಿಲ್ಲ.

"ನಿಲ್ಲಿಸು ನೋಡೂಣು. ಜಗ್ಗಬ್ಯಾಡ. ಉಸಿರು ಪೂರ್ತಿ ಬಿಟ್ಟು ನೀ ಮೊದಲ ನಿಲ್ಲು."

ಉಸಿರು ಬಿಟ್ಟೆ, ಬೆನ್ನು ನಿಲ್ಲಿಸಿದೆ. ಚಾಂದನಿ ನಿಂತಳು. ಲಗಾಮು ಜೋಲಾಡುತ್ತಿತ್ತು. ನನಗೆ ನಗು ಬಂತು. ಆಯಿಯೂ ಬೊಚ್ಚು ಬಾಯಿ ತೆರೆದು ನಕ್ಕಳು.

ಆದರೆ ಇಂಜಿನ್ ಹತ್ತಿರ ಹೋದಾಗಲೆಲ್ಲ ನನ್ನ ಉಸಿರು ತಾನಾಗಿಯೇ ಕಟ್ಟುತ್ತಿತ್ತು. ಅವಳು ಅದನ್ನು ಕೂಡಲೇ ಕೇಳಿಸಿಕೊಂಡು ಕಾಲೆತ್ತುತ್ತಿದ್ದಳು. ಬಿಸಿಲೇರಿತು. ಕೊನೆಗೆ ಆಯಿ ಅಂದಳು, "ಮಾತಾಡು. ಮಾತಾಡಾವ್ರಿಗೆ ಉಸಿರು ಹಿಡಿಯಾಕ ಆಗಂಗಿಲ್ಲ."

"ಏನ್ ಮಾತಾಡ್ಲಿ?"

"ಏನರೆ ಮಾತಾಡು. ಬಸ್ಸಿನ ಕಂಡಕ್ಟರ್ ಹಂಗ ಊರ ಹೆಸರರೆ ಕೂಗು."

ಅದೇ ನನಗೆ ಎಲ್ಲಕ್ಕಿಂತ ಕಠಿಣವಾಯಿತು. ಬಾಯಿ ತೆರೆದೆ, ದನಿ ಬರಲಿಲ್ಲ. ಅಷ್ಟರಲ್ಲಿ ಮಾನಪ್ಪ ಬಂದ. ಲಾಯಕ್ಕೆ ಹೋಗಿ ಹಗ್ಗ ತೆಗೆದುಕೊಂಡು ಬಂದಿದ್ದ. ಹತ್ತಿರದ ಕೆನಾಲ ಸೇತುವೆಯ ಕಟ್ಟೆಯ ಮೇಲೆ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಅವರಲ್ಲಿ ನನ್ನವ್ವನೂ ಇದ್ದಳು.

"ಏನ್ರಿ ಹುಸೇನಬೀ, ಶಾಲಿ ಬಿಟ್ಟಾಕಿ ಕುದುರಿಗೆ ಪಾಠ ಹೇಳ್ತಾಳೇನು?" ಮಾನಪ್ಪ ಅಂದ. "ಸುಮ್ಮನ ಕೊಡ್ರಿ. ಇಟ್ಟಂಗಿ ಬಂಡಿಗೆ ಹೂಡಿದ್ರ ಕುಣಿಯೂದು ತಾನ ಬಿಡ್ತಾಳ."

"ನೀ ಬಂದದ್ದು ನೋಡಾಕೋ, ಮಾತಾಡಾಕೋ?" ಎಂದಳು ಆಯಿ.

ವಹಾಬಣ್ಣ ನನ್ನ ಹತ್ತಿರ ಬಂದು ಕಡಿವಾಣಕ್ಕೆ ಕೈ ಹಾಕಿದ. "ನಾ ಮಗ್ಗಲಾಗ ಹಿಡ್ಕೊಂಡು ಬರ್ತೀನಿ, ಶೇಖವ್ವ."

"ಕೈ ಬಿಡು, ವಹಾಬ," ಎಂದಳು ಆಯಿ. ಅವನು ಬಿಟ್ಟ.

ನಾನು ಮುಂದೆ ನೋಡಿದೆ. ಇಂಜಿನ್ನಿನ ಹೊಗೆ, ಕೆನಾಲಿಗೆ ಇಳಿದ ಕಪ್ಪು ಪೈಪು, ಅದರ ಪಕ್ಕ ಎಣ್ಣೆಡಬ್ಬಿ ಹಿಡಿದು ಕೂತ ಶಾಂತಪ್ಪ. ಚಾಂದನಿ ಒಂದು ಕಿವಿ ನನ್ನ ಕಡೆಗೆ ತಿರುಗಿಸಿ ಕಾಯುತ್ತಿದ್ದಳು. ಅವಳು ಇಂಜಿನ್ನಿನ ಕಡೆ ನೋಡುತ್ತಲೇ ಇರಲಿಲ್ಲ.

"ಹುಣಸಗಿ," ಅಂದೆ. ನನಗಷ್ಟೇ ಕೇಳಿಸಿತು. ಅವಳು ನಡೆದಳು.

"ಹುಣಸಗಿ, ಕಕ್ಕೇರಾ," ಅಂದೆ. ಕಾಲು ಜೋತುಬಿದ್ದಿದ್ದವು. ಇಂಜಿನ್ನಿನ ಸದ್ದು ಜೀನಿನೊಳಗಿಂದ ನನ್ನ ಬೆನ್ನಿಗೆ ಬಡಿಯತೊಡಗಿತು. ಹೆದರಿಕೆ ಬಂತು. ಅದನ್ನು ಬರಗೊಟ್ಟೆ, ಆದರೆ ಮಾತು ನಿಲ್ಲಿಸಲಿಲ್ಲ. "ಯಾದಗಿರಿ, ವಡಗೇರಾ, ಶಹಾಪುರ, ಸುರಪುರ. ಯಾರ್ರಿ ಸುರಪುರ." ದನಿ ದೊಡ್ಡದಾಗಿತ್ತು. ಗದ್ದೆಯಲ್ಲಿ ಯಾವಳೋ ಕಿಸಕ್ಕೆಂದು ನಕ್ಕಳು. ನಾನೂ ನಕ್ಕೆ. ನಗುವಾಗ ಉಸಿರು ಇನ್ನೂ ಸಡಿಲವಾಯಿತು.

ಹೊಗೆ ನಮ್ಮ ಮೇಲೆ ಹಾಯಿತು. ಚಾಂದನಿ ನೀರಿಗೆ ಹೊರಟವಳ ಹಾಗೆ, ತಲೆ ತಗ್ಗಿಸಿ, ಇಂಜಿನ್ನಿನ ಮಗ್ಗುಲಿನಿಂದ ಹೆಜ್ಜೆ ಹಾಕಿಕೊಂಡು ದಾಟಿದಳು.

ಹಿಂದಿನಿಂದ ಮಾನಪ್ಪನ ದನಿ ಬಂತು. "ಬಿಸಿಲಿಗೆ ಬ್ಯಾಸತ್ತಾಳ. ಅದಕ್ಕ ಕುಣೀಲಿಲ್ಲ. ಆಕಿಗೆ ಈಗ ಕುಣಿಯಾಕ ತ್ರಾಣಿಲ್ಲ."

ಹೋಗಬೇಕಾದ ಕಡೆಗೆ ಕಣ್ಣು ತಿರುಗಿಸಿದೆ, ಭುಜ ಅದರ ಹಿಂದೆ ತಿರುಗಿತು, ಚಾಂದನಿ ಭುಜದ ಹಿಂದೆ ತಿರುಗಿದಳು. ಇಂಜಿನ್ನಿನ ಎದುರಿಗೇ ಬಂದು ಉಸಿರು ಬಿಟ್ಟೆ. ನಿಂತಳು. ಎಲ್ಲರೂ ನೋಡುತ್ತಿದ್ದರು. ಮೊದಲಾಗಿದ್ದರೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸುತ್ತಿತ್ತು. ಈಗ ಹಾಗೆ ಅನ್ನಿಸಲಿಲ್ಲ.

ಅವಳಿಗೆ ತ್ರಾಣವಿದೆ ಎಂದು ಮಾನಪ್ಪನಿಗೆ ತೋರಿಸಬೇಕಿತ್ತು. ಬೆನ್ನು ನೆಟ್ಟಗೆ ಮಾಡಿ ಒಂದು ಉಸಿರು ಒಳಗೆ ಎಳೆದುಕೊಂಡೆ. ಬೆರಳು ಮುಚ್ಚಿದೆ, ಮೊಣಕಾಲನ್ನು ಇಷ್ಟೇ ಇಷ್ಟು ತಾಗಿಸಿದೆ. ಚಾಂದನಿಯ ಕುತ್ತಿಗೆ ಕಮಾನಾಗಿ ಎದ್ದಿತು. ಒಂದು ಕಾಲು ಎತ್ತಿದಳು, ಇನ್ನೊಂದು ಎತ್ತಿದಳು. ಅವಳ ತಾಳ ಇಂಜಿನ್ನಿನ ತಾಳವಾಗಿರಲಿಲ್ಲ. ಅದಕ್ಕಿಂತ ನಿಧಾನವಾಗಿತ್ತು, ನನ್ನದಾಗಿತ್ತು. ಧೂಳು ಅವಳ ಮೊಣಕಾಲವರೆಗೆ ಏಳುತ್ತಿತ್ತು. ವಹಾಬಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡ. ಮಾನಪ್ಪ ಹಗ್ಗ ಹಿಡಿದು ಎದ್ದು ನಿಂತ. "ನೋಡ್ರಿ, ಕುಣಿದಳು," ಅಂದ.

ನಾನು ಉಸಿರು ಬಿಟ್ಟೆ.

ಚಾಂದನಿ ನಾಲ್ಕೂ ಕಾಲು ನೆಲಕ್ಕಿಟ್ಟು ನಿಂತಳು. ಇಂಜಿನ್ ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಕತ್ತು ಚಾಚಿ ದಂಡೆಯ ಹುಲ್ಲಿಗೆ ಬಾಯಿ ಹಾಕಿದಳು.

ಆಯಿ ಕೋಲೂರಿಕೊಂಡು ಮಾನಪ್ಪನ ಹತ್ತಿರ ಹೋದಳು. ಅವನ ಕೈಯಿಂದ ಜಾರಿ ಅರ್ಧ ನೆಲಕ್ಕೆ ಬಿದ್ದಿದ್ದ ಹಗ್ಗವನ್ನು ಎತ್ತಿ, ನೀಟಾಗಿ ಸುತ್ತಿ, ಅವನ ಹೆಗಲಿಗೆ ಹಾಕಿದಳು. "ಕುಣೀಲಾರದ ದಾಟಿದ್ಲು, ಹೇಳಿದಾಗ ಕುಣಿದ್ಲು. ಹಗ್ಗ ಹೊಸಾದದ. ಎತ್ತಿಗೆ ಬರ್ತದ, ತಗೋ," ಅಂದಳು. ಅವನು ಹಗ್ಗ ಸರಿಮಾಡಿಕೊಂಡ, ಆದರೆ ಹೋಗಲಿಲ್ಲ. ಅಲ್ಲೇ ನಿಂತು ಕುದುರೆಯನ್ನು ನೋಡಿದ. ಗದ್ದೆಯಲ್ಲಿ ನನ್ನವ್ವ ಸಸಿಯ ಕಟ್ಟನ್ನು ಎದೆಗೆ ಹಿಡಿದುಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು.

ಸದ್ದು ಇನ್ನು ಸಾಕು ಎಂದು ಶಾಂತಪ್ಪ ಎದ್ದು ಇಂಜಿನ್ ನಿಲ್ಲಿಸಲು ಕೈ ಚಾಚಿದ. ನಾನು ಲಗಾಮನ್ನು ಬೆರಳ ಮೇಲೆ ತೆಗೆದುಕೊಂಡು, ಆ ಸದ್ದನ್ನೂ ಮೀರಿ, ಎಲ್ಲರಿಗೂ ಕೇಳುವ ಹಾಗೆ ಅಂದೆ.

"ಇಂಜಿನ್ ಬಂದ್ ಮಾಡಬ್ಯಾಡ್ರಿ. ಇನ್ನೊಮ್ಮೆ ದಾಟ್ತೀನಿ."

ಶಾಂತಪ್ಪನ ಕೈ ಅಲ್ಲೇ ನಿಂತಿತ್ತು.